ಮೆಟ್ಟಿಲ ಮೇಲಿನ ಸಭೆ

ಊರು ಬೆಳೆದಂತೆ ಅದಕ್ಕೊಂದು ದೊಡ್ಡ ಸಭಾಭವನ ಬೇಕೆನಿಸುವುದು ಸಹಜ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಸಿದ್ಧವಾಗಿ, ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ, ಜೋಳದ ಸೀಮೆಯಾಗಿದ್ದ ಸಿಂಧನೂರು ಬತ್ತದ ಪೇಟೆಯಾಯಿತು. ಅಲ್ಲಿಯವರಿಗೂ ಆ ಆಸೆ ಹುಟ್ಟಿದರೆ ಅಚ್ಚರಿಯೇನು?

ಇಂತಹ ಆಸೆಗೆ ಕನ್ನಡನಾಡಿನಲ್ಲಿ ಕಣ್ಣಿಗೆ ಕಟ್ಟುವ ಮಾದರಿ ಬೆಂಗಳೂರಿನ ಸರ್ ಪುಟ್ಟಣ್ಣಚೆಟ್ಟಿ ಪುರಭವನ. ಅಡಿಗಲ್ಲು ಬಿದ್ದದ್ದು 1933ರಲ್ಲಿ, ಬಾಗಿಲು ತೆರೆದದ್ದು 1935ರಲ್ಲಿ. ಎತ್ತರದ ಕಂಬಗಳು; ಒಳಗೆ ನೂರಾರು ಆಸನ. ಆದರೆ ಆ ಭವನದ ಭಾಗ್ಯವೆಲ್ಲ ಹೊರಗಿನ ಮೆಟ್ಟಿಲುಗಳದ್ದು! ಒಳಗಿನ ಸಭೆಗೆ ಬಾಡಿಗೆಯುಂಟು, ಮೆಟ್ಟಿಲಿಗೆಲ್ಲಿಯ ಬಾಡಿಗೆ? ಕೈಯಲ್ಲಿ ಕಾಸಿಲ್ಲದವರೂ ಅನೇಕ ವರ್ಷ ಅಲ್ಲಿಯೇ ನಿಂತು ತಮ್ಮ ಅಹವಾಲು ಹೇಳಿಕೊಂಡರು. ನಕ್ಷೆಯಲ್ಲಿ ಮೆಟ್ಟಿಲೆಂದರೆ ಹತ್ತಿ ಹೋಗುವ ದಾರಿ. ಜನ ಅದನ್ನೇ ವೇದಿಕೆ ಮಾಡಿಕೊಂಡರು.

ಸಿಂಧನೂರಿಗೆ ಆ ಕಂಬಗಳನ್ನು ನಕಲು ಮಾಡಿದರೆ ಸಾಲದು. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಬರಿಯ ಕಲ್ಲಿನ ಮೆಟ್ಟಿಲು ಮಧ್ಯಾಹ್ನಕ್ಕೆ ಹೆಂಚಿನಂತೆ ಕಾಯುತ್ತದೆ. ಅಲ್ಲಿ ಬೇಕಾದದ್ದು ಅಗಲವಾದ ಪಡಸಾಲೆ, ಬೇವಿನ ನೆರಳು, ಒಂದು ಅರವಟ್ಟಿಗೆ. ಹಳ್ಳಿಯಿಂದ ಟ್ರಾಕ್ಟರ್ ಏರಿ ಬಂದವರು ಮಕ್ಕಳೊಡನೆ ಕುಳಿತು ಬುತ್ತಿ ಬಿಚ್ಚುವಷ್ಟು ಕಟ್ಟೆ. ಮದುವೆಯ ಬಾಡಿಗೆಗೆಂದೇ ಕಟ್ಟಿದ ತಣ್ಣನೆಯ ಮಂಟಪದಲ್ಲಿ ಇವರಿಗೆ ಜಾಗವೆಲ್ಲಿ? ಖರ್ಚಿನ ಪಟ್ಟಿ ಹಿಡಿದು ಕುಳಿತಾಗ ಮೊದಲು ಕತ್ತರಿ ಬೀಳುವುದು ಮಾತ್ರ ಈ ಕಟ್ಟೆಗೇ.