ಊಟಕ್ಕೆ ಮುನ್ನ ಒಂದಿಷ್ಟು ಕಹಿ

ಮಿಲಾನ್ ನಗರದಲ್ಲಿ ಸಂಜೆ ಆರಾಯಿತೆಂದರೆ ಬೀದಿಯ ಬಣ್ಣವೇ ಬದಲಾಗುತ್ತದೆ. ಕಚೇರಿ ಬಿಟ್ಟವರು ನೇರವಾಗಿ ಮನೆಯ ದಾರಿ ಹಿಡಿಯುವುದಿಲ್ಲ. ಬಾರುಗಳ ಹೊರಗಿನ ಪುಟ್ಟ ಮೇಜುಗಳ ಮೇಲೆ ಒಂದೊಂದಾಗಿ ಕೆಂಪು, ಕಿತ್ತಳೆ ಬಣ್ಣದ ಗ್ಲಾಸುಗಳು ಬಂದು ಕೂರುತ್ತವೆ. ಪಕ್ಕದಲ್ಲಿ ಒಂದು ಬಟ್ಟಲು ಹಸಿರು ಆಲಿವ್, ಒಂದಿಷ್ಟು ಆಲೂಗಡ್ಡೆ ಚಿಪ್ಸ್, ಒಂದು ಹಿಡಿ ಕಡಲೆಕಾಯಿ ಬೀಜ. ರಾತ್ರಿಯೂಟಕ್ಕೆ ಇನ್ನೂ ಹೊತ್ತಿದೆ. ಕೆಲಸ ಮುಗಿದಿದೆ, ಊಟ ಶುರುವಾಗಿಲ್ಲ. ನಡುವಿನ ಆ ಬಿಡುವಿಗೆ ಇಟಲಿಯವರು ಅಪೆರಿಟಿವೊ ಎನ್ನುತ್ತಾರೆ. ಆಗ ಕುಡಿಯುವ ಪಾನೀಯಕ್ಕೂ ಅದೇ ಹೆಸರು. ದಿನದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಯಾರ ಲೆಕ್ಕಕ್ಕೂ ಸೇರದ ಒಂದು ತುಣುಕನ್ನು ಹೀಗೆ ಎತ್ತಿಟ್ಟು, ಅದಕ್ಕೆಂದೇ ರುಚಿಯೊಂದನ್ನು ಬೆಳೆಸಿದ ಜನರ ಬಗ್ಗೆ ನನಗೆ ತುಂಬ ಗೌರವ.

ಈ ಹೊತ್ತಿನ ಪಾನೀಯಗಳನ್ನು ಕೈಯಾರೆ ಮಾಡಲು ಕಲಿಸುವ ತರಗತಿಗಳು ಅಲ್ಲಿವೆ. ನಾನು ಸೇರಿದ್ದು ನಾವಿಲ್ಯೊ ಗ್ರಾಂದೆ ಕಾಲುವೆಯ ದಂಡೆಯಲ್ಲಿ ನಡೆಯುವ ಒಂದು ತರಗತಿಗೆ. ಹನ್ನೆರಡನೆಯ ಶತಮಾನದಲ್ಲಿ ತೋಡಲು ತೊಡಗಿದ ಕಾಲುವೆ ಅದು. ಮಿಲಾನಿನ ದೊಡ್ಡ ಕೆಥೆಡ್ರಲ್ಲಿಗೆ ಬೇಕಾದ ಅಮೃತಶಿಲೆ ದೋಣಿಗಳಲ್ಲಿ ತೇಲಿ ಬಂದದ್ದು ಇದೇ ನೀರಿನ ಮೇಲೆ. ಈಗ ಎರಡೂ ದಂಡೆಗಳಲ್ಲಿ ಕುರ್ಚಿ ಮೇಜು, ಮಾತು, ನಗು. ಬೇರೆಯವರು ಮಾಡಿಕೊಟ್ಟದ್ದನ್ನು ಕುಡಿದರೆ ರುಚಿ ತಿಳಿಯುತ್ತದೆ. ನಾವೇ ಮಾಡಿದರೆ ಆ ರುಚಿಯ ಕಾರಣವೂ ತಿಳಿಯುತ್ತದೆ. ಆ ಕಾರಣವನ್ನು ಹುಡುಕಿಯೇ ನಾನು ಅಲ್ಲಿಗೆ ಹೋದದ್ದು.

ಕಲಿಸುತ್ತಿದ್ದವರು ಬದುಕಿನ ಬಹುಪಾಲನ್ನು ಬಾರಿನ ಕಟ್ಟೆಯ ಹಿಂದೆಯೇ ಕಳೆದ ಹೆಂಗಸು. ಅವರು ಮೊದಲು ನಮ್ಮ ಮುಂದಿಟ್ಟದ್ದು ಗ್ಲಾಸುಗಳನ್ನಲ್ಲ, ಒಣಗಿದ ಬೇರು, ತೊಗಟೆ, ಎಲೆ, ಸಿಪ್ಪೆಗಳ ಬಟ್ಟಲುಗಳನ್ನು. ಜೆನ್ಷಿಯನ್ ಬೇರು, ಸಿಂಕೋನಾ ತೊಗಟೆ, ಕಹಿ ಕಿತ್ತಳೆಯ ಸಿಪ್ಪೆ, ಲವಂಗ, ಏಲಕ್ಕಿ. "ಮೊದಲು ಮೂಗು, ಆಮೇಲೆ ನಾಲಿಗೆ" ಎಂದರು. ಬಟ್ಟಲುಗಳು ಕೈಯಿಂದ ಕೈಗೆ ಸಾಗಿದವು. ಅವುಗಳಲ್ಲೊಂದು ಬೂದು ಹಸಿರಿನ ಒಣ ಎಲೆಗಳದ್ದು. ವರ್ಮ್‌ವುಡ್ ಎಂಬ ಗಿಡ. ಅದನ್ನು ಮೂಗಿನ ಬಳಿ ತಂದಾಗ ನನಗೆ ನೆನಪಾದದ್ದು ನಮ್ಮ ದವನ. ಆ ನೆನಪಿಗೆ ಸಸ್ಯಶಾಸ್ತ್ರದ ಸಾಕ್ಷಿಯೂ ಇದೆ: ಎರಡೂ ಆರ್ಟೆಮಿಸಿಯಾ ಕುಲದವು. ದಕ್ಷಿಣ ಕರ್ನಾಟಕದ ಹೊಲಗಳಲ್ಲಿ ಬೆಳೆದು, ಹೂಮಾಲೆಯಲ್ಲಿ ಕನಕಾಂಬರದ ಪಕ್ಕ ಕೂರುವ ದವನ ಆರ್ಟೆಮಿಸಿಯಾ ಪ್ಯಾಲೆನ್ಸ್. ಆಲ್ಪ್ಸ್ ತಪ್ಪಲಿನಲ್ಲಿ ಬೆಳೆಯುವ ಇದು ಆರ್ಟೆಮಿಸಿಯಾ ಅಬ್ಸಿಂಥಿಯಂ. ದವನದ ಕಂಪಿನಲ್ಲಿ ಹಣ್ಣಿನ ಸಿಹಿಯೊಂದು ಅಡಗಿದೆ. ಈ ದಾಯಾದಿಯ ವಾಸನೆ ಚುರುಕು, ಔಷಧದಂಥದ್ದು. ನಾಲಿಗೆಗೆ ತಾಗಿಸಿದರೆ ಕಡುಕಹಿ.

ಈ ಕಡುಕಹಿಯ ಎಲೆಯೇ ವರ್ಮೂತ್ ಎಂಬ ಪಾನೀಯದ ಜೀವ. ವೈನಿಗೆ ಗಿಡಮೂಲಿಕೆಗಳ ಸಾರ, ಸಕ್ಕರೆ, ಸ್ವಲ್ಪ ಸ್ಪಿರಿಟ್ ಸೇರಿಸಿ ಮಾಡುವ ವರ್ಮೂತ್, ಇಂದು ನಾವು ಕಾಣುವ ರೂಪ ಪಡೆದದ್ದು ತುರಿನ್ ನಗರದಲ್ಲಿ. 1786ರಲ್ಲಿ ಅಲ್ಲಿನ ಆಂತೋನಿಯೊ ಬೆನೆದೆತ್ತೊ ಕಾರ್ಪಾನೊ ಅದನ್ನು ಮಾರಾಟಕ್ಕಿಟ್ಟ ಎಂಬುದು ಇತಿಹಾಸ. ತುರಿನ್ನಿಗೆ ಎಲ್ಲವೂ ಕೂಡಿಬಂದಿತ್ತು: ಬೆನ್ನಿಗೆ ಆಲ್ಪ್ಸ್‌ನ ಮೂಲಿಕೆಗಳು, ಸುತ್ತ ಪಿಯೆಮಾಂತೆಯ ದ್ರಾಕ್ಷಿತೋಟಗಳು, ಊರೊಳಗೆ ಸವಾಯ್ ರಾಜಮನೆತನದ ಆಸ್ಥಾನ. ನಮ್ಮ ಗುರು ಕೆಂಪು ವರ್ಮೂತ್ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದರು. "ಇದು ವೈನ್ ಎಂಬುದನ್ನು ಮರೆಯಬೇಡಿ. ತೆರೆದ ಮೇಲೆ ಗಾಳಿ ಇದನ್ನು ತಿನ್ನುತ್ತದೆ. ಕಪಾಟಿನಲ್ಲಿ ತಿಂಗಳುಗಟ್ಟಲೆ ಇಟ್ಟ ವರ್ಮೂತ್‌ನಿಂದ ಒಳ್ಳೆಯದೇನನ್ನೂ ಮಾಡಲಾಗದು" ಎಂದರು. ಒಂದು ಚಮಚ ನಾಲಿಗೆಯ ಮೇಲೆ ಬಿಟ್ಟುಕೊಂಡೆ. ಮೊದಲು ಸಿಹಿ, ಅದರ ಹಿಂದೆ ದಾಲ್ಚಿನ್ನಿ, ವೆನಿಲಾಗಳ ಸುಳಿವು, ಕೊನೆಗೆ ಗಂಟಲ ಬಾಗಿಲಲ್ಲಿ ತಣ್ಣಗೆ ನಿಂತ ಕಹಿ. ಬಟ್ಟಲಿನಲ್ಲಿ ಮೂಸಿದ್ದನ್ನೆಲ್ಲ ನಾಲಿಗೆ ಒಂದೊಂದಾಗಿ ಗುರುತು ಹಿಡಿಯುತ್ತಿತ್ತು.

ಎರಡನೆಯ ಬಾಟಲಿ ಕಂಪಾರಿ ಎಂಬ ಕೆಂಪು ಕಹಿ ಮದ್ಯದ್ದು. 1860ರಲ್ಲಿ ನೊವಾರಾ ಊರಿನಲ್ಲಿ ಗಾಸ್ಪಾರೆ ಕಂಪಾರಿ ಇದನ್ನು ಕೂಡಿಸಿದ. ಕೆಲವೇ ವರ್ಷಗಳಲ್ಲಿ ಮಿಲಾನಿಗೆ ಬಂದು, ಆಗಷ್ಟೇ ಎದ್ದು ನಿಂತಿದ್ದ ಗ್ಯಾಲರಿಯಾ ವಿತ್ತೋರಿಯೊ ಎಮಾನುಎಲೆಯಲ್ಲಿ ಕೆಫೆ ತೆರೆದ. ಅವನ ಮಗ ದಾವಿದೆ 1915ರಲ್ಲಿ ಅದೇ ಗ್ಯಾಲರಿಯಾದಲ್ಲಿ ಕಂಪಾರಿನೊ ಬಾರನ್ನು ಆರಂಭಿಸಿದ. ನೆಲಮಾಳಿಗೆಯಿಂದ ಕೊಳವೆಯಲ್ಲಿ ತಣ್ಣನೆಯ ಸೋಡಾ ಸದಾ ಮೇಲೆ ಹರಿದು ಬರುವ ಏರ್ಪಾಡು ಅಲ್ಲಿತ್ತು. ಕಂಪಾರಿ ಸೋಡಾ ಕೊನೆಯ ಗುಟುಕಿನವರೆಗೂ ಚುರುಕಾಗಿರಬೇಕು ಎಂಬುದಕ್ಕಾಗಿ ಒಂದು ಬಾರಿನ ಹೊಟ್ಟೆಯೊಳಗೆ ಯಂತ್ರವನ್ನೇ ಕೂರಿಸಿದ ಆ ಶ್ರದ್ಧೆ ನನಗೆ ಬಹಳ ಹಿಡಿಸಿತು. ಕಂಪಾರಿಯ ಒಳಗೇನಿದೆ ಎಂಬುದನ್ನು ಕಂಪನಿ ಇಂದಿಗೂ ಗುಟ್ಟಾಗಿಟ್ಟಿದೆ. ಆ ಹೆಸರಾಂತ ಕೆಂಪು ಮಾತ್ರ ಬಹುಕಾಲ ಕೊಚಿನೀಲ್ ಎಂಬ ಕೀಟದಿಂದ ತೆಗೆದ ಬಣ್ಣವಾಗಿತ್ತು. 2006ರ ಹೊತ್ತಿಗೆ ಬಹುತೇಕ ದೇಶಗಳಲ್ಲಿ ಅದನ್ನು ಕೈಬಿಟ್ಟರು.

ಕಂಪಾರಿಯನ್ನು ಬರಿದೇ ಸವಿದಾಗ ಮುಖ ಕಿವುಚುತ್ತದೆ. ಅದು ದೇಹದ ಹಳೆಯ ಎಚ್ಚರ. ಗಿಡಗಳ ವಿಷಗಳಲ್ಲಿ ಹೆಚ್ಚಿನವು ಕಹಿ. ಆದ್ದರಿಂದ ಕಹಿಯನ್ನು ಗುರುತಿಸಲೆಂದೇ ಮನುಷ್ಯನಲ್ಲಿ ಸುಮಾರು 25 ಬಗೆಯ ಗ್ರಾಹಕಗಳಿವೆ. ಸಿಹಿಗೆ ಇಷ್ಟೊಂದು ಕಾವಲುಗಾರರಿಲ್ಲ. ಹಾಲುಗಲ್ಲದ ಮಗು ಕಹಿಯನ್ನು ಉಗುಳುತ್ತದೆ. ಕಹಿಯನ್ನು ಇಷ್ಟಪಡುವುದು ಬೆಳೆಯುತ್ತ ಕಲಿಯುವ ವಿದ್ಯೆ. ಕಾಫಿ ಕುಡಿಯುವ ನಾವೆಲ್ಲ ಆ ವಿದ್ಯೆಯಲ್ಲಿ ಒಂದಿಷ್ಟು ಪಳಗಿದವರೇ. ಕಹಿ ತಾಗಿದೊಡನೆ ಬಾಯಲ್ಲಿ ನೀರೂರುತ್ತದೆ, ನಾಲಿಗೆ ಮುಂದೇನು ಎಂದು ಕೇಳುತ್ತದೆ. ನಮ್ಮ ಮದುವೆಮನೆಯ ಎಲೆಯಲ್ಲಿ ಎಷ್ಟೋ ಕಡೆ ಮೊದಲು ಪಾಯಸ ಬೀಳುತ್ತದೆ. ಬಂದವರನ್ನು ಸಿಹಿಯಿಂದ ಆದರಿಸುವ ರೀತಿ ಅದು. ಇಟಲಿಯವರು ಕಹಿಯನ್ನು ಮುಂದೆ ಕಳಿಸುತ್ತಾರೆ. ಸಿಹಿ ಅತಿಥಿಯನ್ನು ತೃಪ್ತಿಪಡಿಸಿದರೆ ಕಹಿ ಅವನ ಹಸಿವನ್ನು ಎಬ್ಬಿಸುತ್ತದೆ. ಎರಡೂ ಆದರವೇ.

ಈಗ ಕೈಗೆ ಕೆಲಸ ಬಂತು. ಗುರು ಕಲಿಸಿದ ಕ್ರಮ ತುಂಬ ಚೆಂದದ್ದು. ಅವರು ನಮಗೆ ಬಿಡಿ ಬಿಡಿ ಪಾಕಗಳನ್ನು ಒಪ್ಪಿಸಲಿಲ್ಲ. ಒಂದು ವಂಶವೃಕ್ಷವನ್ನು ತೋರಿಸಿದರು. ಮಿಲಾನಿನ ಕಂಪಾರಿ, ತುರಿನ್ನಿನ ವರ್ಮೂತ್, ಎರಡನ್ನೂ ಸಮಸಮ ಬೆರೆಸಿದರೆ ಅದು ಮಿಲಾನೊ ತೊರಿನೊ. ಅದಕ್ಕೆ ಸೋಡಾ ಸುರಿದರೆ ಅಮೆರಿಕಾನೊ. ಸೋಡಾ ಬದಲು ಜಿನ್ ಹಾಕಿದರೆ ನೆಗ್ರೋನಿ. ಜಿನ್ ಬದಲು ಗುಳ್ಳೆಯಾಡುವ ವೈನ್ ಹಾಕಿದರೆ ನೆಗ್ರೋನಿ ಸ್ಬಾಲಿಯಾತೊ. ಒಂದೊಂದು ಬದಲಾವಣೆಯ ಹಿಂದೆಯೂ ಒಂದು ಊರು, ಒಂದು ಕಥೆ. ಫ್ಲಾರೆನ್ಸಿನ ಕಾಸೋನಿ ಕೆಫೆಯಲ್ಲಿ 1919ರ ಸುಮಾರಿಗೆ ಕೌಂಟ್ ಕಮಿಲ್ಲೊ ನೆಗ್ರೋನಿ ತನ್ನ ಅಮೆರಿಕಾನೊ ಇನ್ನಷ್ಟು ಗಟ್ಟಿಯಾಗಿರಲಿ ಎಂದನಂತೆ. ಬಾರ್‌ಟೆಂಡರ್ ಫೋಸ್ಕೊ ಸ್ಕಾರ್ಸೆಲ್ಲಿ ಸೋಡಾ ಬಿಟ್ಟು ಜಿನ್ ಸುರಿದ, ನಿಂಬೆಯ ಹೋಳಿನ ಜಾಗದಲ್ಲಿ ಕಿತ್ತಳೆಯ ಹೋಳಿಟ್ಟ. ಮಿಲಾನಿನ ಬಾರ್ ಬಾಸ್ಸೊದಲ್ಲಿ 1970ರ ದಶಕದ ಆರಂಭದಲ್ಲಿ ಮಿರ್ಕೊ ಸ್ತೊಕ್ಕೆತ್ತೊ ಅವರ ಕೈ ಜಿನ್ ಬಾಟಲಿಯ ಬದಲು ಸ್ಪುಮಾಂತೆ ಬಾಟಲಿಗೆ ಹೋಗಿ ಸ್ಬಾಲಿಯಾತೊ ಹುಟ್ಟಿತು ಎನ್ನುತ್ತಾರೆ. ಒಂದನ್ನು ತಿಳಿದರೆ ಮಿಕ್ಕವು ತಾವಾಗಿ ಬಿಡಿಸಿಕೊಳ್ಳುತ್ತವೆ.

ನೆಗ್ರೋನಿಯ ಅಳತೆ ಮೂರೂ ಸಮ: ಜಿನ್ 30 ಮಿ.ಲೀ., ಕಂಪಾರಿ 30, ಕೆಂಪು ವರ್ಮೂತ್ 30. ಇಷ್ಟು ಸರಳ ಲೆಕ್ಕ ಬೇರೆಲ್ಲೂ ಇರಲಾರದು. ಆದರೂ ಹತ್ತು ಜನ ಮಾಡಿದರೆ ಹತ್ತು ರುಚಿ ಬರುತ್ತದೆ, ಏಕೆಂದರೆ ನಾಲ್ಕನೆಯ ವಸ್ತುವೊಂದಿದೆ: ನೀರು. ಅದನ್ನು ಯಾರೂ ಅಳೆದು ಹಾಕುವುದಿಲ್ಲ. ಅದು ಐಸ್ ಕರಗಿ ಬರುತ್ತದೆ. ಜಿಗ್ಗರ್ ಎಂಬ ಅಳತೆ ಬಟ್ಟಲಿನಲ್ಲಿ ಅಳೆದು ದಪ್ಪ ಗಾಜಿನ ಪಾತ್ರೆಗೆ ಮೂರನ್ನೂ ಸುರಿದೆವು, ಬಾಯಿಮಟ್ಟ ಐಸ್ ತುಂಬಿದೆವು. ಉದ್ದನೆಯ ತಿರುಚು ಹಿಡಿಕೆಯ ಬಾರ್ ಚಮಚವನ್ನು ಬೆರಳುಗಳ ನಡುವೆ ಹಿಡಿದು, ಅದರ ಬೆನ್ನು ಗಾಜಿನ ಒಳಗೋಡೆಯನ್ನು ಸವರುತ್ತಲೇ ಇರುವಂತೆ ತಿರುಗಿಸಬೇಕು. ತೋಳು ಅಲ್ಲಾಡಬಾರದು, ಕೆಲಸವೆಲ್ಲ ಬೆರಳುಗಳದು. ಸರಿಯಾಗಿ ಹಿಡಿತ ಸಿಕ್ಕಿದಾಗ ಸದ್ದೇ ಇರುವುದಿಲ್ಲ. ಐಸ್, ಪಾನೀಯ, ಚಮಚ ಮೂರೂ ಒಟ್ಟಿಗೆ ಸುತ್ತುತ್ತವೆ.

ಈ ಸುತ್ತುವಿಕೆಯಲ್ಲಿ ಭೌತಶಾಸ್ತ್ರದ ಒಂದು ಸೊಗಸಾದ ಪಾಠವಿದೆ. ಒಂದು ಗ್ರಾಂ ಐಸ್ ಕರಗಬೇಕಾದರೆ ಸುಮಾರು 80 ಕ್ಯಾಲರಿ ಶಾಖ ಬೇಕು. ಅದನ್ನು ಅದು ಪಾನೀಯದಿಂದಲೇ ಹೀರುತ್ತದೆ. ಹಾಗಾಗಿ ತಂಪು ಬೇಕೆಂದರೆ ನೀರು ಬಂದೇ ಬರುತ್ತದೆ. ನೀರಿಲ್ಲದ ತಂಪು ಅಲ್ಲಿ ಇಲ್ಲ. ಬೇಗ ನಿಲ್ಲಿಸಿದರೆ ಮದ್ಯದ ಉರಿ ಹಾಗೇ ಉಳಿಯುತ್ತದೆ, ಕಂಪಾರಿಯ ಕಹಿ ಮುಖಕ್ಕೆ ಹೊಡೆಯುತ್ತದೆ. ಹೆಚ್ಚು ತಿರುಗಿಸಿದರೆ ರುಚಿಯೇ ತೊಳೆದುಹೋಗುತ್ತದೆ. ನಡುವೆ ಒಂದು ಗಳಿಗೆ ಇದೆ. ಗಾಜಿನ ಹೊರಮೈ ಮಂಜು ಕವಿದಂತಾಗಿ, ಪಾನೀಯ ಕೊಂಚ ದಪ್ಪಗಾದಂತೆ ನಿಧಾನವಾಗಿ ಸುತ್ತತೊಡಗುತ್ತದೆ. ಗುರು ಗಡಿಯಾರ ನೋಡಲು ಬಿಡಲಿಲ್ಲ. ಹುಲ್ಲುಕಡ್ಡಿಯ ತುದಿಯಲ್ಲಿ ಹನಿ ಎತ್ತಿ ಸವಿಯುತ್ತ, ಉರಿ ಇಳಿದು ಕಿತ್ತಳೆ ಮತ್ತು ಮೂಲಿಕೆಗಳ ಪರಿಮಳ ಮೇಲೇಳುವುದನ್ನು ಕಾಯಲು ಹೇಳಿದರು. ಕಾದಾಗ ಅದು ನಿಜವಾಗಿಯೂ ಬಂತು. ಮೂರು ಬಿಡಿ ರುಚಿಗಳು ಕಳೆದು ನಾಲ್ಕನೆಯದೊಂದು ಕಾಣಿಸಿದ ಆ ಕ್ಷಣಕ್ಕೆ ಅಡುಗೆ ಬಲ್ಲ ಎಲ್ಲರೂ ಮನಸ್ಸು ಕೊಟ್ಟಿರುತ್ತಾರೆ.

ಕೊನೆಯ ಕೆಲಸ ಕಿತ್ತಳೆ ಸಿಪ್ಪೆಯದು. ಬಿಳಿ ತಿರುಳು ಅಂಟದಂತೆ ತೆಳ್ಳಗೆ ಹೆರೆದು, ಬಣ್ಣದ ಮುಖ ಕೆಳಗಾಗುವಂತೆ ಗ್ಲಾಸಿನ ಮೇಲೆ ಹಿಡಿದು ಬೆರಳುಗಳಿಂದ ಅದುಮಬೇಕು. ಸಿಪ್ಪೆಯ ಎಣ್ಣೆ ಕಣ್ಣಿಗೆ ಕಂಡೂ ಕಾಣದ ತುಂತುರಾಗಿ ಪಾನೀಯದ ಮೇಲೆ ಇಳಿಯುತ್ತದೆ. ಸಿಪ್ಪೆ ಹಿಂಡುವ ಮುಂಚೆ ಒಂದು ಗುಟುಕು, ಹಿಂಡಿದ ಮೇಲೆ ಒಂದು ಗುಟುಕು ಸವಿದೆವು. ಮೊದಲನೆಯದರಲ್ಲಿ ಬಾಯಿ ಮಾತ್ರ ಕೆಲಸ ಮಾಡಿತ್ತು. ಎರಡನೆಯದರಲ್ಲಿ ತುಟಿ ತಾಗುವ ಮೊದಲೇ ಮೂಗು ಹಣ್ಣಿನ ತೋಟಕ್ಕೆ ಹೋಗಿ ಬಂದಿತ್ತು, ಆಮೇಲೆ ಬಂದ ಕಹಿಗೆ ಮೃದುವಾದ ಹಾಸಿಗೆ ಸಿಕ್ಕಿತ್ತು.

ಆಮೇಲೆ ವೆನಿಸ್ ಕಡೆಯ ಸ್ಪ್ರಿಟ್ಸ್. ಹತ್ತೊಂಬತ್ತನೆಯ ಶತಮಾನದಲ್ಲಿ ವೆನೆತೊ ಪ್ರಾಂತ್ಯ ಆಸ್ಟ್ರಿಯನ್ನರ ಆಳ್ವಿಕೆಯಲ್ಲಿದ್ದಾಗ, ಉತ್ತರದಿಂದ ಬಂದ ಸೈನಿಕರಿಗೆ ಅಲ್ಲಿನ ವೈನ್ ಗಟ್ಟಿ ಎನಿಸಿ ನೀರು ಚಿಮುಕಿಸಿಕೊಂಡು ಕುಡಿಯುತ್ತಿದ್ದರಂತೆ. ನೀರಿನ ಜಾಗಕ್ಕೆ ಸೋಡಾ ಬಂತು, ಇಪ್ಪತ್ತನೆಯ ಶತಮಾನದಲ್ಲಿ ಕಹಿಯೂ ಸೇರಿತು. ಪಾದುವಾ ನಗರದ ಬಾರ್ಬಿಯೇರಿ ಸಹೋದರರು 1919ರಲ್ಲಿ ಅಪೆರೋಲ್ ಎಂಬ ಕಹಿ ಮದ್ಯವನ್ನು ತಂದರು. ಅದರ ಮದ್ಯಾಂಶ ಶೇ. 11 ಮಾತ್ರ. ಮರುವರ್ಷ ವೆನಿಸಿನಲ್ಲಿ ಸೆಲೆಕ್ಟ್ ಎಂಬ ಇನ್ನೊಂದು ಕಹಿ ಮದ್ಯ ಹುಟ್ಟಿತು. ಅಳತೆ ನೆನಪಿಡಲು ಸುಲಭ: ಪ್ರೊಸೆಕ್ಕೊ ಎಂಬ ಗುಳ್ಳೆಯಾಡುವ ವೈನ್ ಮೂರು ಪಾಲು, ಅಪೆರೋಲ್ ಎರಡು ಪಾಲು, ಸೋಡಾ ಒಂದು ಚಿಮುಕು. ದೊಡ್ಡ ವೈನ್ ಗ್ಲಾಸಿನ ತುಂಬ ಐಸ್ ಇರಬೇಕು. ಐಸ್ ಹೆಚ್ಚಿದ್ದಷ್ಟೂ ಅದು ನಿಧಾನವಾಗಿ ಕರಗುತ್ತದೆ. ಇಲ್ಲಿ ಚಮಚಕ್ಕೆ ಹೆಚ್ಚು ಕೆಲಸವಿಲ್ಲ. ತಳದಿಂದ ಒಮ್ಮೆ ಮೆಲ್ಲಗೆ ಎತ್ತಿ ಬಿಟ್ಟರೆ ಸಾಕು, ಗುಳ್ಳೆಗಳು ಉಳಿಯುತ್ತವೆ. ವೆನಿಸಿನವರು ಕಿತ್ತಳೆ ಹೋಳಿನ ಜೊತೆಗೋ ಅದರ ಬದಲಿಗೋ ಉಪ್ಪುನೀರಿನಲ್ಲಿಟ್ಟ ಹಸಿರು ಆಲಿವ್ ಹಾಕುತ್ತಾರೆ. ಕಹಿ, ಸಿಹಿ, ಉಪ್ಪು ಒಂದೇ ಗ್ಲಾಸಿನಲ್ಲಿ ಕೂಡುತ್ತವೆ.

ಅದು ಬಿಳಿ ಪೀಚ್ ಹಣ್ಣಿನ ಕಾಲವಾದ್ದರಿಂದ ಬೆಲ್ಲಿನಿಯನ್ನೂ ಮಾಡಿದೆವು. 1931ರಲ್ಲಿ ವೆನಿಸಿನಲ್ಲಿ ಹ್ಯಾರೀಸ್ ಬಾರ್ ತೆರೆದ ಜುಸೆಪ್ಪೆ ಚಿಪ್ರಿಯಾನಿಯ ಸೃಷ್ಟಿ ಅದು. ಹದಿನೈದನೆಯ ಶತಮಾನದ ಚಿತ್ರಕಾರ ಜೊವಾನ್ನಿ ಬೆಲ್ಲಿನಿಯ ಹೆಸರು ಹೊತ್ತಿದೆ. ಹಣ್ಣಿನ ತಿರುಳಿನ ಮೇಲೆ ತಣ್ಣನೆಯ ಪ್ರೊಸೆಕ್ಕೊವನ್ನು ನೊರೆ ಉಕ್ಕದಂತೆ ಸುರಿಯುವುದಷ್ಟೇ. ಅಷ್ಟು ಕಹಿಯ ನಡುವೆ ಆ ಹಣ್ಣಿನ ನಯ ನಾಲಿಗೆಗೆ ವಿಶ್ರಾಂತಿ ಕೊಟ್ಟಿತು.

ಕೈಯಿಂದ ಅಳೆದು ಮಾಡಿದ ಮೇಲೆ ನನಗೆ ಖಚಿತವಾದ ಒಂದು ಮಾತಿದೆ: ಅಪೆರಿಟಿವೊದಲ್ಲಿ ಮಿತಿ ಎನ್ನುವುದು ಹೊರಗಿನಿಂದ ಹೇರಿದ ನಿಯಮವಲ್ಲ, ಪಾಕದ ಒಳಗೇ ಇದೆ. ನೆಗ್ರೋನಿಯಲ್ಲಿ ಶುದ್ಧ ಮದ್ಯಾಂಶ ಸುಮಾರು 24 ಮಿ.ಲೀ. ಆದರೆ ಅಮೆರಿಕಾನೊದಲ್ಲಿ 12ರ ಆಸುಪಾಸು. ಅಮೆರಿಕಾನೊವೇ ಹಳೆಯದು, ಸಂಜೆಗೆ ಹೆಚ್ಚು ಒಪ್ಪುವುದೂ ಅದೇ ಎನ್ನುವುದು ನನ್ನ ಅಭಿಪ್ರಾಯ. ಕಹಿಯನ್ನು ಯಾರೂ ಗಟಗಟ ಕುಡಿಯಲಾರರು; ಅದು ಗುಟುಕನ್ನು ಚಿಕ್ಕದಾಗಿಸುತ್ತದೆ, ಗುಟುಕಿನ ನಡುವೆ ಮಾತಿಗೆ ಜಾಗ ಬಿಡುತ್ತದೆ. ತರಗತಿ ಮುಗಿದ ಮೇಲೆ ಪರಿಚಯವೇ ಇಲ್ಲದ ನಾವೆಲ್ಲ ಒಂದೇ ಮೇಜಿನ ಸುತ್ತ ಕೂತು, ಆಲಿವ್, ಚೀಸ್, ಟೊಮೆಟೊ ಹಚ್ಚಿದ ಸುಟ್ಟ ಬ್ರೆಡ್ಡಿನ ತುಂಡು ಮೆಲ್ಲುತ್ತ ಬಹಳ ಹೊತ್ತು ಹರಟಿದೆವು. ನೇಪಲ್ಸಿನಿಂದ ಬಂದ ಯುವಕನೊಬ್ಬ ತನ್ನ ಅಜ್ಜಿಯ ಅಡುಗೆಯ ಬಗ್ಗೆ ಹೇಳುತ್ತಿದ್ದರೆ ಎಲ್ಲರಿಗೂ ಹೊಟ್ಟೆ ಚುರುಗುಟ್ಟಿತು.

ಮದ್ಯ ಬೇಡ ಎನ್ನುವವರಿಗೂ ಈ ಮೇಜಿನಲ್ಲಿ ಪೂರ್ಣ ಸ್ಥಾನವಿದೆ ಎಂಬುದು ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಕ್ರೊದಿನೊ, ಸಾನ್‌ಬಿತ್ತೆರ್‌ನಂಥ ಮದ್ಯವಿಲ್ಲದ ಕಹಿ ಪಾನೀಯಗಳನ್ನು, ಕಿನೊತ್ತೊ ಎಂಬ ಪುಟ್ಟ ಕಹಿ ಕಿತ್ತಳೆಯ ಸೋಡಾವನ್ನು ಇಟಲಿಯವರು ಅದೇ ಗ್ಲಾಸಿನಲ್ಲಿ, ಅದೇ ಐಸ್, ಅದೇ ಸಿಪ್ಪೆಯ ಜೊತೆ ಕೊಡುತ್ತಾರೆ. ಬೇಕಾದದ್ದು ಕಹಿ, ತಂಪು, ಪರಿಮಳ, ಜೊತೆಗೆ ಕೂತು ಮಾತಾಡುವ ಮನಸ್ಸು. ನಮ್ಮ ಮನೆಗೆ ಗೆಳೆಯರು ಬಂದಾಗ ನಾನೀಗ ಅದೇ ಕ್ರಮ ಹಿಡಿಯುತ್ತೇನೆ. ಒಬ್ಬೊಬ್ಬರಿಗೆ ಒಂದೇ ಗ್ಲಾಸು, ಮದ್ಯ ಬೇಡದವರಿಗೂ ಅಷ್ಟೇ ಶ್ರದ್ಧೆಯಿಂದ ಹಿಂಡಿದ ಕಿತ್ತಳೆ ಸಿಪ್ಪೆ, ಮಧ್ಯೆ ಉಪ್ಪಿನ ತಿಂಡಿಯ ಬಟ್ಟಲು. ಎರಡನೆಯ ಗ್ಲಾಸಿನ ಮಾತು ಬರುವ ಮೊದಲೇ ಯಾರಾದರೊಬ್ಬರು ಅಡುಗೆಮನೆಯ ಕಡೆ ನೋಡಿ "ಊಟಕ್ಕೆ ಏನಿದೆ?" ಎಂದು ಕೇಳಬೇಕು. ಆ ಪ್ರಶ್ನೆ ಬಂತೆಂದರೆ ಕಹಿ ತನ್ನ ಕೆಲಸ ಮುಗಿಸಿದೆ ಎಂದರ್ಥ, ಎಲೆ ಹಾಕಬಹುದು.