ನೊರೆಗೆ ತಕ್ಕ ಪಾತ್ರೆ

ಪಾತ್ರೆಯು ತುಪ್ಪಕ್ಕೆ ಆಧಾರವೋ, ತುಪ್ಪವು ಪಾತ್ರೆಗೆ ಆಧಾರವೋ ಎಂದು ಸಂದೇಹಪಟ್ಟು, ಪರೀಕ್ಷಿಸುವುದಕ್ಕಾಗಿ ಪಾತ್ರೆಯನ್ನು ಬೋರಲು ಮಾಡಿ ತುಪ್ಪವನ್ನು ಮಣ್ಣುಪಾಲು ಮಾಡಿದ ತರ್ಕಪಂಡಿತನ ಕಥೆಯನ್ನು ವಾಚಕರು ಕೇಳಿಯೇ ಇರುವರು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದಾಗ ನಾನು ಈ ಕಥೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಹೇಳುತ್ತಿದ್ದೆನು. ಹುಡುಗರೂ ತಪ್ಪದೆ ನಗುತ್ತಿದ್ದರು. ಉದ್ಯೋಗದಿಂದ ವಿಶ್ರಾಂತನಾದ ಮೇಲೆ ಆ ಪಂಡಿತನಲ್ಲಿ ನನಗೆ ಕೊಂಚ ಗೌರವವೇ ಹುಟ್ಟಿದೆ. ಪಾತ್ರೆಯು ಪದಾರ್ಥವನ್ನು ಸುಮ್ಮನೆ ಹೊತ್ತು ನಿಂತಿರುವುದಿಲ್ಲ. ಅದರ ರುಚಿಯನ್ನೂ ಗಂಧವನ್ನೂ, ಕೆಲವು ವೇಳೆ ಅದರ ಆಯುಸ್ಸನ್ನೂ ನಿರ್ಣಯಿಸುವುದು. ತುಪ್ಪದ ವಿಷಯದಲ್ಲಿ ಇದು ಅಷ್ಟಾಗಿ ತೋರದು. ನೊರೆಯುಕ್ಕುವ ಪಾನೀಯದ ವಿಷಯದಲ್ಲಿ ಕಣ್ಣಿಗೆ ಕಾಣುವಂತೆಯೇ ತೋರುವುದು.

ಮೊದಲು ನಮ್ಮ ಮನೆಯ ಲೋಟವನ್ನು ಕೈಯಲ್ಲಿ ಹಿಡಿದು ನೋಡೋಣ. ಬುಡ ಕಿರಿದು, ಬಾಯಿ ಅಗಲ, ಅಂಚು ಹೊರಕ್ಕೆ ಬಾಗಿರುವುದು. ಈ ಬಾಗು ಕೇವಲ ಅಲಂಕಾರವಲ್ಲ. ತುಟಿ ಸೋಕಿಸದೆ ಎತ್ತಿ ಕುಡಿಯುವವನಿಗೆ ಧಾರೆಯು ಒಂದೇ ಎಳೆಯಾಗಿ ಬೀಳಬೇಕು. ಅಂಚು ನೆಟ್ಟಗಿದ್ದರೆ ನೀರು ಪಾತ್ರೆಯ ಮೈಯನ್ನೇ ಹಿಡಿದು ಇಳಿದು ಅಂಗಿಯನ್ನು ತೋಯಿಸುವುದು. ಗಿಂಡಿಯ ಮೂತಿಗೂ ಉಪಯೋಗ ಇದೇ. ಎಂಜಲಾಗಬಾರದೆಂಬ ಒಂದು ನಿಯಮವು ಕಂಚುಗಾರನ ಕೈಯಲ್ಲಿ ಹೀಗೆ ಆಕಾರವನ್ನು ತಾಳಿ ನಿಂತಿತು. ಬಿಸಿ ಹಾಲಿಗೂ ಕಾಫಿಗೂ ಈ ಅಗಲವಾದ ಬಾಯಿಯು ಅನುಕೂಲವೇ; ಬೇಗನೆ ಆರುವುದು. ನೀರು, ಮಜ್ಜಿಗೆ, ಪಾನಕ ಇವುಗಳಿಗೆ ನಮ್ಮ ಲೋಟಕ್ಕಿಂತ ಒಳ್ಳೆಯ ಪಾತ್ರೆಯನ್ನು ಯಾವ ದೇಶದವರೂ ಮಾಡಲಾರರೆಂದು ನನ್ನ ಅಭಿಪ್ರಾಯ.

ಆದರೆ ವಾಯುವಿನಿಂದ ತುಂಬಿದ ನೀರು ನಮ್ಮ ದೇಶಕ್ಕೆ ಬಂದಾಗ ಈ ಲೋಟವು ಸೋತಿತು. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬ ವಿದ್ವಾಂಸನು ನೀರಿಗೆ ಇಂಗಾಲಾಮ್ಲ ವಾಯುವನ್ನು ಸೇರಿಸುವ ಕ್ರಮವನ್ನು 1772ರಲ್ಲಿ ಪ್ರಕಟಿಸಿದನು. ಸೇರಿಸುವುದು ಸುಲಭವಾಯಿತು, ಸೇರಿದ ವಾಯುವು ಓಡಿಹೋಗದಂತೆ ಹಿಡಿದಿಡುವುದು ಕಷ್ಟವಾಯಿತು. ಬಿರಟೆಯು ಒಣಗಿ ಸಡಿಲವಾದರೆ ವಾಯುವೆಲ್ಲ ಸೋರಿಹೋಗುವುದು. ಲಂಡನ್ನಿನ ಹೈರಂ ಕಾಡ್ ಎಂಬಾತನು 1872ರ ವೇಳೆಗೆ ಇದಕ್ಕೆ ಕಂಡುಹಿಡಿದ ಉಪಾಯವೇ ನಮ್ಮ ಗೋಲಿ ಸೋಡದ ಸೀಸೆ. ಸೀಸೆಯನ್ನು ತಲೆಕೆಳಗಾಗಿ ಹಿಡಿದು ತುಂಬುವರು. ಒಳಗಿನ ವಾಯುವೇ ಗೋಲಿಯನ್ನು ಕತ್ತಿನ ರಬ್ಬರ್ ಬಳೆಗೆ ಒತ್ತಿ ಹಿಡಿದು ಬಾಗಿಲನ್ನು ಮುಚ್ಚುವುದು. ಎಂದರೆ ಇಲ್ಲಿ ಕಳ್ಳನೇ ಕಾವಲುಗಾರನು! ಗೋಲಿಯನ್ನು ಒಳಕ್ಕೆ ಒತ್ತಿದರೆ ಕೀಚೆಂದು ಕೂಗಿ ಕೆಳಗೆ ಬೀಳುವುದು. ಕತ್ತಿನ ಒಂದು ಪಕ್ಕದಲ್ಲಿ ಗಾಜನ್ನು ಚಿವುಟಿದಂತೆ ಮಾಡಿರುವ ತಗ್ಗುಗಳಿವೆಯಷ್ಟೆ. ಆ ಪಕ್ಕವನ್ನು ಕೆಳಗೆ ಮಾಡಿ ಬಗ್ಗಿಸಿದರೆ ಗೋಲಿಯು ಅಲ್ಲಿ ಸಿಕ್ಕಿ ನಿಲ್ಲುವುದು, ಸೋಡವು ತಡೆಯಿಲ್ಲದೆ ಹರಿಯುವುದು. ಇದನ್ನು ಅರಿಯದವನು ಸೀಸೆಯನ್ನು ಬಗ್ಗಿಸಿದಾಗಲೆಲ್ಲ ಗೋಲಿಯು ಬಂದು ದಾರಿಗೆ ಅಡ್ಡ ಕೂರುವುದು.

ನಮ್ಮ ದಾವಣಗೆರೆಗೆ ಹತ್ತಿಯ ಗಿರಣಿಗಳಿಂದ ದೊಡ್ಡ ಹೆಸರಿದ್ದಿತು. ಆ ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಬೆಣ್ಣೆದೋಸೆಯೂ ಮಂಡಕ್ಕಿ ಮೆಣಸಿನಕಾಯಿಯೂ ಉಳಿದುಕೊಂಡಿವೆ. ಸಂಜೆಯ ವೇಳೆ ಬಿಸಿ ಮೆಣಸಿನಕಾಯಿಯನ್ನು ಕಚ್ಚಿ ಕಣ್ಣಲ್ಲಿ ನೀರು ತುಂಬಿಕೊಂಡವನಿಗೆ ನಿಂಬೆಹಣ್ಣು ಹಿಂಡಿ ಉಪ್ಪು ಬೆರಸಿದ ಸೋಡವು ಎಂತಹ ಬಂಧುವೆಂಬುದನ್ನು ಈ ಊರಿನಲ್ಲಿ ಯಾರಿಗೂ ವರ್ಣಿಸಿ ಹೇಳಬೇಕಾಗಿಲ್ಲ. ಆದರೆ ಈ ಬಂಧುವನ್ನು ಎತ್ತಿ ಕುಡಿಯಲಾಗದು. ಎತ್ತರದಿಂದ ಬೀಳುವಾಗಲೇ ಅರ್ಧ ವಾಯು ಹೋಗುವುದು. ಉಳಿದರ್ಧವು ಗಂಟಲಿನಲ್ಲಿ ಉಬ್ಬಿ ಮೂಗಿಗೆ ಏರುವುದು. ಸೋಡವನ್ನು ತುಟಿಯಿಟ್ಟೇ ಗುಟುಕರಿಸಬೇಕು. ತುಟಿಯಿಟ್ಟು ಕುಡಿಯುವುದಾದ ಮೇಲೆ ಹೊರಕ್ಕೆ ಬಾಗಿದ ಅಂಚು ಏತಕ್ಕೆ? ಅಗಲವಾದ ಬಾಯಿ ಏತಕ್ಕೆ? ನಮ್ಮ ಲೋಟವು ಸೋತದ್ದು ಇಲ್ಲಿಯೇ.

ನೊರೆಯ ಗುಟ್ಟನ್ನು ಸ್ವಲ್ಪ ವಿಚಾರಿಸೋಣ. ನೀರಿನಲ್ಲಿ ಕರಗಿರುವ ವಾಯುವು ತಾನಾಗಿಯೇ ಗುಳ್ಳೆಯಾಗಲಾರದು. ಹುಟ್ಟುವುದಕ್ಕೆ ಅದಕ್ಕೊಂದು ನೆಲೆ ಬೇಕು. ಗಾಜಿಗೆ ಅಂಟಿದ ಬಟ್ಟೆಯ ನೂಲಿನ ಅತಿಸೂಕ್ಷ್ಮವಾದ ಎಳೆಯೋ, ಗಾಜಿನ ಮೇಲಣ ಗೀರೋ ಅದಕ್ಕೆ ತವರುಮನೆಯಾಗುವುದು. ಸ್ವಲ್ಪವೂ ಗೀರಿಲ್ಲದ, ಸ್ವಲ್ಪವೂ ಎಳೆಯಿಲ್ಲದ ಗಾಜಿನಲ್ಲಿ ಗುಳ್ಳೆಯೇ ಏಳದು. ಆದುದರಿಂದ ಕೆಲವು ಗಾಜುಗಾರರು ಲೋಟದ ತಳದಲ್ಲಿ ಬೇಕೆಂದೇ ಸಣ್ಣ ಗೀರುಗಳನ್ನು ಹಾಕುವರು. ಸೋಡಕ್ಕೆ ಉಪ್ಪು ಬಿದ್ದೊಡನೆ ಬುಸ್ಸೆಂದು ಉಕ್ಕುವುದಕ್ಕೂ ಇದೇ ಕಾರಣ. ಹರಳು ಹರಳಿನ ಮೈಯಲ್ಲಿಯೂ ಸಾವಿರ ಗುಳ್ಳೆಗಳಿಗೆ ನೆಲೆ ದೊರೆಯುವುದು. ಹುಟ್ಟಿದ ಗುಳ್ಳೆಯು ಮೇಲೇರುತ್ತ ದಾರಿಯಲ್ಲಿ ಸಿಕ್ಕಿದ ವಾಯುವನ್ನು ಕೂಡಿಸಿಕೊಂಡು ದೊಡ್ಡದಾಗುವುದು. ಮೇಲೆ ಬಂದು ಒಡೆಯುವಾಗ ಸಣ್ಣ ಹನಿಗಳನ್ನು ಚಿಮ್ಮಿಸುವುದು. ಪಾನೀಯದ ಪರಿಮಳವು ನಮ್ಮ ಮೂಗಿಗೆ ಮುಟ್ಟುವುದು ಆ ಹನಿಗಳಿಂದಲೇ.

ಈ ವಿಚಾರವನ್ನು ಸೋಡ ಕುಡಿಯುವವರಿಗಿಂತ ಹೆಚ್ಚಾಗಿ ಶೋಧಿಸಿದವರು ಶಾಂಪೇನ್ ಎಂಬ ದ್ರಾಕ್ಷಾಮದ್ಯವನ್ನು ತಯಾರಿಸುವ ಫ್ರಾನ್ಸಿನವರು. ಅವರ ಸೀಸೆಯೊಳಗಿನ ಒತ್ತಡವು ಐದಾರು ವಾಯುಮಂಡಲಗಳಷ್ಟು. ಮೋಟಾರು ಗಾಡಿಯ ಚಕ್ರದಲ್ಲಿರುವುದರ ಎರಡರಷ್ಟಕ್ಕೂ ಮೇಲೆ. ಅಲ್ಲಿಯ ರೀಮ್ಸ್ ವಿಶ್ವವಿದ್ಯಾನಿಲಯದಲ್ಲಿ ಜೆರಾರ್ ಲಿಜೆ-ಬೆಲೇರ್ ಎಂಬ ಶಾಸ್ತ್ರಜ್ಞರು ಗುಳ್ಳೆಗಳನ್ನೇ ಅಧ್ಯಯನದ ವಿಷಯವಾಗಿ ಮಾಡಿಕೊಂಡಿದ್ದಾರೆ. ಈ ಮದ್ಯಕ್ಕೆ ಕಾಲಕಾಲಕ್ಕೆ ಮೂರು ಬಗೆಯ ಗಾಜಿನ ಪಾತ್ರೆಗಳು ರೂಢಿಗೆ ಬಂದಿವೆ. ಮೊದಲನೆಯದು ಕಾಲಿನ ಮೇಲೆ ಕೂರಿಸಿದ ಅಗಲವಾದ ಬಟ್ಟಲು. ಹಿಂದಿನ ಕಾಲದ ಔತಣಗಳಲ್ಲಿ ಇದರದೇ ಮೆರೆತ. ಎರಡನೆಯದು ಕೊಳಲಿನಂತೆ ಉದ್ದವಾಗಿಯೂ ಕಿರಿದಾಗಿಯೂ ಇರುವುದು; ಅವರ ಭಾಷೆಯಲ್ಲಿಯೂ ಅದರ ಹೆಸರು ಕೊಳಲೇ. ಮೂರನೆಯದು ಅರಳಲಿರುವ ಮೊಗ್ಗಿನಂತೆ ನಡುವಿನಲ್ಲಿ ಉಬ್ಬಿ ಬಾಯಿಯಲ್ಲಿ ಒಳಕ್ಕೆ ಸರಿದಿರುವುದು. ನಮ್ಮ ಅಮರಸಿಂಹನು ಮದ್ಯದ ಪಾತ್ರೆಗೆ ಚಷಕ, ಪಾನಪಾತ್ರ, ಸರಕ, ಅನುತರ್ಷಣ ಎಂದು ನಾಲ್ಕು ಹೆಸರುಗಳನ್ನು ಹೇಳಿರುವನು. ಅವುಗಳ ಬಾಯಿ ಎಷ್ಟಗಲವಿರಬೇಕೆಂಬುದನ್ನು ಮಾತ್ರ ಹೇಳಲಿಲ್ಲ.

ಜನ್ಮದಲ್ಲಿ ಮದ್ಯವನ್ನು ಮುಟ್ಟದ ಮುದುಕನಿಗೆ ಈ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಕಾರಣವುಂಟು. ಕಳೆದ ವೈಶಾಖದಲ್ಲಿ ನಮ್ಮ ಮಗಳ ನಿಶ್ಚಿತಾರ್ಥವು ಮನೆಯಲ್ಲಿಯೇ ನಡೆಯಿತು. ವರನ ಅಣ್ಣನು ಫ್ರಾನ್ಸಿನಲ್ಲಿ ಉದ್ಯೋಗದಲ್ಲಿರುವವನು. ಶುಭಸಮಯದಲ್ಲಿ ಎಲ್ಲರೂ ಒಟ್ಟಿಗೆ ಲೋಟವೆತ್ತಿ ಹಾರೈಸುವುದು ಅಲ್ಲಿಯ ಪದ್ಧತಿಯಂತೆ. ಅದಕ್ಕಾಗಿ ಒಂದು ಸೀಸೆಯನ್ನು ತರುವನೆಂದು ನಮ್ಮ ಹುಡುಗನು ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದನು. ಮಾತು ಹೇಗೋ ನಮ್ಮ ಅಕ್ಕನ ಕಿವಿಗೂ ಬಿದ್ದಿತು. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಈಗ ಎಪ್ಪತ್ತೈದು ದಾಟಿರುವಳು. “ಹೆಂಡದ ಲೋಟ ಈ ಮನೆಯೊಳಗೆ ಬರಲಿ ತಮ್ಮಾ, ಬೇಡ ಅನ್ನೋಕೆ ನಾನ್ಯಾರು? ಅವತ್ತು ನಾನು ಹರಿಹರದಾಗೆ ಇರ್ತೀನಿ, ಅಷ್ಟೆ” ಎಂದಳು. ಮಗಳನ್ನು ಎತ್ತಿ ಆಡಿಸಿದ ಅತ್ತೆಯಿಲ್ಲದೆ ನಿಶ್ಚಿತಾರ್ಥವೆ? ಇತ್ತ, ಸಾವಿರಾರು ಮೈಲಿ ದೂರದಿಂದ ಪ್ರೀತಿಯಿಂದ ಬರುವ ಬೀಗರ ಹುಡುಗನ ಮುಖವನ್ನು ಬಾಡಿಸುವುದೆ? ಎರಡು ರಾತ್ರಿ ನನಗೆ ನಿದ್ರೆಯಿಲ್ಲ.

ದಾರಿ ತೋರಿದವಳು ನನ್ನ ಗೃಹಿಣಿ. “ಅಲ್ರೀ, ಲೋಟ ಎತ್ತೋದು ತಾನೆ ಅವರಿಗೆ ಬೇಕಾಗಿರೋದು? ಒಳಗೆ ಏನಿರಬೇಕು ಅಂತ ಯಾರು ಹೇಳಿದ್ರು? ಶುಂಠಿ ನಿಂಬೆ ಪಾನಕಕ್ಕೆ ಸೋಡ ಬೆರೆಸಿ ಕೊಟ್ಟರಾಯ್ತು. ಗ್ಲಾಸು ಮಾತ್ರ ಅಂಗಡಿಯಿಂದ ಹೊಸದು ತನ್ನಿ” ಎಂದಳು. ತರ್ಕಪಂಡಿತನ ಆಧಾರಾಧೇಯ ಪ್ರಶ್ನೆಯನ್ನು ಅವಳು ಒಂದು ನಿಮಿಷದಲ್ಲಿ ತೀರಿಸಿಬಿಟ್ಟಳು. ಇನ್ನು ಉಳಿದದ್ದು ಯಾವ ಗಾಜೆಂಬ ಪ್ರಶ್ನೆ ಮಾತ್ರ.

ಅದನ್ನು ತೀರಿಸಿಕೊಳ್ಳಲು ನಾನು ಹರಿಹರದ ಒಬ್ಬ ಹಳೆಯ ಸ್ನೇಹಿತರಲ್ಲಿಗೆ ಹೋದೆನು. ದಾವಣಗೆರೆಯಿಂದ ಅಲ್ಲಿಗೆ ಹದಿನಾಲ್ಕು ಕಿಲೋಮೀಟರು. 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ಹೆಸರಾಗಿದ್ದಿತು, ಈಗ ಅದಿಲ್ಲ. ಸ್ನೇಹಿತರು ಯೌವನದಲ್ಲಿ ಅಲ್ಲಿಯೇ ದುಡಿದವರು. ಯಾವುದಾದರೂ ದುಂಡನೆಯ ವಸ್ತುವನ್ನು ಕಂಡರೆ ಬೆರಳಿನಿಂದ ಅದರ ಅಂಚನ್ನು ಸವರಿ ನೋಡದೆ ಬಿಡರು. ಅವರ ಮನೆಯ ಜಗುಲಿಯ ಮೇಲೆ ನಾಲ್ಕು ಪಾತ್ರೆಗಳನ್ನು ಇಟ್ಟೆವು: ಸ್ಟೀಲಿನ ಲೋಟ, ಪಾಯಸದ ಗಾಜಿನ ಬಟ್ಟಲು, ಕೊಳಲಿನಂತಹ ಗಾಜು, ಮೊಗ್ಗಿನಂತಹ ಗಾಜು. ಒಂದೇ ತಂಪಿನ ಸೋಡವನ್ನು ಸಮಸಮನಾಗಿ ಹಾಕಿ ಕಾದೆವು. ಬಟ್ಟಲಿನದು ಎಲ್ಲಕ್ಕಿಂತ ಮೊದಲು ಸಪ್ಪಗಾಯಿತು. ಅಗಲವಾದ ಮೈಯಿಂದ ವಾಯುವು ಹಾರಿಹೋಗುವುದಕ್ಕೆ ಅದರಲ್ಲಿ ಅವಕಾಶ ಹೆಚ್ಚು. ಸ್ಟೀಲಿನ ಲೋಟದಲ್ಲಿ ಗುಳ್ಳೆಯೇನೋ ಇದ್ದಿತು, ಕಣ್ಣಿಗೆ ಕಾಣಲಿಲ್ಲ. ಕೈಯ ಬಿಸಿಯೂ ಬೇಗ ಒಳಗೆ ಇಳಿಯಿತು. ಬಿಸಿಯಾದಂತೆ ನೀರು ವಾಯುವನ್ನು ಹಿಡಿದಿಟ್ಟುಕೊಳ್ಳಲಾರದು. ಕೊಳಲಿನಲ್ಲಿ ಗುಳ್ಳೆಗಳ ಸಾಲು ಮುತ್ತಿನ ಸರದಂತೆ ಬಹಳ ಹೊತ್ತು ಏರುತ್ತಿದ್ದಿತು. ಆದರೆ ಮೂಗನ್ನು ಹತ್ತಿರ ಒಯ್ದರೆ ಪರಿಮಳದ ಬದಲು ಚುರುಕ್ಕೆಂದು ಚುಚ್ಚುವುದು. ಕಿರಿದಾದ ಬಾಯಿಯಲ್ಲಿ ಇಂಗಾಲಾಮ್ಲವೇ ಒತ್ತಾಗಿ ತುಂಬಿಕೊಳ್ಳುವುದರಿಂದ ಹೀಗಾಗುವುದು. ಉಪ್ಪು ಹಾಕಿದರಂತೂ ಅರ್ಧಕ್ಕರ್ಧ ಜಗುಲಿಯ ಪಾಲು. ಮೊಗ್ಗಿನಲ್ಲಿ ಗುಳ್ಳೆಯೂ ನಿಂತಿತು, ಉಕ್ಕುವುದಕ್ಕೆ ಹೊಟ್ಟೆಯಲ್ಲಿ ಸ್ಥಳವೂ ಇದ್ದಿತು, ಶುಂಠಿಯ ಗಂಧವೂ ಮೂಗಿಗೆ ಹಿತವಾಗಿ ಬಂದಿತು.

“ಮೇಷ್ಟ್ರೇ, ನಮ್ಮ ದೇವರ ಹಾಗೇ ಆಯ್ತಲ್ಲ ಇದು” ಎಂದರು ಸ್ನೇಹಿತರು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಒಂದೇ ವಿಗ್ರಹದ ಅರ್ಧವು ಹರಿ, ಅರ್ಧವು ಹರ. ಅಗಲದ ಗುಣವೂ ಕಿರಿದರ ಗುಣವೂ ಒಂದೇ ಗಾಜಿನಲ್ಲಿ ಕೂಡಿದ್ದನ್ನು ಕಂಡು ಅವರು ಹಾಗೆಂದರು. ಆ ಗುಡಿಯ ಮಂಟಪದಲ್ಲಿ ಲೇತಿನಲ್ಲಿ ಕಡೆದಂತೆ ದುಂಡಗಿರುವ ಕಂಬಗಳನ್ನೂ ಸಂಜೆ ನನಗೆ ತೋರಿಸಿದರು. ಎಲ್ಲಿ ಉಬ್ಬಬೇಕು, ಎಲ್ಲಿ ಸೊಂಟ ಸಣ್ಣಗಾಗಬೇಕು ಎಂಬುದನ್ನು ಎಂಟುನೂರು ವರ್ಷಗಳ ಹಿಂದಿನ ಆ ಶಿಲ್ಪಿಗಳು ಚೆನ್ನಾಗಿ ಅರಿತಿದ್ದರು.

ನಿಶ್ಚಿತಾರ್ಥದ ದಿನ ಇಪ್ಪತ್ತನಾಲ್ಕು ಹೊಸ ಗಾಜುಗಳಲ್ಲಿ ಶುಂಠಿ, ನಿಂಬೆ, ಬೆಲ್ಲದ ಪಾನಕಕ್ಕೆ ಸೋಡವನ್ನು ಸೇರಿಸಿ ಎಲ್ಲರಿಗೂ ಕೊಟ್ಟೆವು. ಒಬ್ಬೊಬ್ಬರಿಗೆ ಒಂದೊಂದು ಗಾಜಾದುದರಿಂದ ಎಂಜಲಿನ ಮಾತೂ ಬರಲಿಲ್ಲ. ಬೀಗರ ಹುಡುಗನು ಮೊದಲನೆಯ ಗುಟುಕಿಗೇ ನಕ್ಕು, ತಂದಿದ್ದ ಸೀಸೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ತಮ್ಮ ಮನೆಯಲ್ಲಿ ಎಂದಾದರೂ ತೆರೆದುಕೊಳ್ಳುವೆವೆಂದನು. ಅದು ಅವನ ದೊಡ್ಡತನ. ಅಕ್ಕನು ಹರಿಹರಕ್ಕೆ ಹೋಗಿರಲಿಲ್ಲ. ಗಾಜನ್ನು ಬೆಳಕಿಗೆ ಹಿಡಿದು ಏರುವ ಗುಳ್ಳೆಗಳನ್ನು ಬಹಳ ಹೊತ್ತು ನೋಡಿ, ತುಟಿಯಿಟ್ಟು ಕುಡಿದು, “ರಾಮನವಮಿ ಪಾನಕಕ್ಕೆ ಜೀವ ಬಂದಂಗೆ ಐತಲ್ಲೋ ತಮ್ಮಾ” ಎಂದಳು. ಮಗಳು ಅವಳ ಪಕ್ಕದಲ್ಲಿಯೇ ಕುಳಿತಿದ್ದಳು.

ಇನ್ನು ಕೊಳ್ಳುವ ಗೃಹಸ್ಥರಿಗೆ ಕೆಲವು ಮಾತು. ಸೋಡಕ್ಕಾಗಲಿ, ಬೇಕಾದವರ ಶಾಂಪೇನಿಗಾಗಲಿ ಗಾಜು ಇದೇ ಸರಿ: ಅಗಲಕ್ಕಿಂತ ಎತ್ತರ ಹೆಚ್ಚಿರಲಿ, ನಡುವು ಉಬ್ಬಿರಲಿ, ಬಾಯಿಯು ನಡುವಿಗಿಂತ ಸ್ವಲ್ಪ ಕಿರಿದಾಗಿರಲಿ, ಅಂಚು ತೆಳುವಾಗಿರಲಿ. ಕಾಲಿದ್ದರೆ ಕೈಯ ಬಿಸಿ ತಗಲದು. ಚಿಕ್ಕ ಮಕ್ಕಳಿರುವ ಮನೆಗೆ ಕಾಲಿಲ್ಲದ, ಬುಡ ದಪ್ಪನಾದ ಗಾಜೇ ಕ್ಷೇಮ. ಮುಕ್ಕಾಲಿಗಿಂತ ಮೇಲೆ ತುಂಬಬಾರದು. ಮೇಲಣ ಆ ಬರಿದಾದ ಜಾಗವೇ ಪರಿಮಳದ ಮನೆ. ಸುರಿಯುವಾಗ ಗಾಜನ್ನು ವಾಲಿಸಿ ಅದರ ಮೈಯ ಮೇಲೆ ಹರಿಸಬೇಕು. ಹೀಗೆ ಮಾಡಿದರೆ ವಾಯು ಹೆಚ್ಚಾಗಿ ಉಳಿಯುವುದೆಂದು ಮೇಲೆ ಹೇಳಿದ ರೀಮ್ಸಿನ ಶಾಸ್ತ್ರಜ್ಞರು 2010ರಲ್ಲಿ ಅಳೆದು ತೋರಿಸಿದ್ದಾರೆ. ಉಪ್ಪನ್ನು ಕೊನೆಯಲ್ಲಿ ಹಾಕುವುದಕ್ಕಿಂತ ಮೊದಲೇ ನಿಂಬೆರಸದಲ್ಲಿ ಕರಗಿಸಿಟ್ಟರೆ ಉಕ್ಕಿ ಚೆಲ್ಲುವುದು ತಪ್ಪುವುದು. ಹುಳಿ ಬೆರೆತದ್ದನ್ನು ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಎಂದೂ ಹಾಕಕೂಡದು. ತೊಳೆದ ಗಾಜಿನಲ್ಲಿ ಸಾಬೂನಿನ ಜಿಡ್ಡು ಉಳಿದರೆ ನೊರೆ ಬೇಗ ಕುಸಿಯುವುದು. ಬಿಸಿನೀರಿನಲ್ಲಿ ಎರಡು ಸಲ ಜಾಲಿಸಿ, ಹತ್ತಿಯ ಬಟ್ಟೆಯಿಂದ ಒರಸಿಡಿರಿ. ಬಟ್ಟೆಯ ಒಂದೆರಡು ಎಳೆ ಗಾಜಿಗೆ ಅಂಟಿಕೊಂಡರೆ ಚಿಂತೆಯಿಲ್ಲ. ಗುಳ್ಳೆಗಳು ಹುಟ್ಟುವುದು ಅಲ್ಲಿಂದಲೇ.