ಎರಡು ಹೆಸರಿನ ಮನೆಗಳು

ನಮ್ಮ ಕಡೆಯ ಕ್ರೈಸ್ತ ಓಣಿಗಳಲ್ಲಿ ಬಹಳಷ್ಟು ಮಕ್ಕಳಿಗೆ ಎರಡು ಹೆಸರು. ಶಾಲೆಯಲ್ಲಿ ಸುನೀಲ, ಚರ್ಚಿನಲ್ಲಿ ಸ್ಯಾಮುವೆಲ್. ಶಾಲೆಯಲ್ಲಿ ಪುಷ್ಪಾ, ಚರ್ಚಿನಲ್ಲಿ ಪ್ರಿಸ್ಕಿಲ್ಲಾ. ಟಿ.ಸಿ.ಯಲ್ಲಿ 'ಹಿಂದೂ ಮಾದಿಗ' ಅಂತ ಇರುತ್ತದೆ, ಸಭೆಯ ರಜಿಸ್ಟರಿನಲ್ಲಿ ದೀಕ್ಷಾಸ್ನಾನದ ತಾರೀಖು ಇರುತ್ತದೆ. ಬೀದರ್ ಕಡೆಯವರಿಗೆ ಇದು ಹೊಸ ಸುದ್ದಿಯೇನಲ್ಲ. ಮಾಸ್ತರರಿಗೆ ಗೊತ್ತು, ಪಾಸ್ಟರಿಗೆ ಗೊತ್ತು, ಪಂಚಾಯ್ತಿ ಕಟ್ಟೆಯ ಮೇಲೆ ಕೂತವರಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದು ಯಾರೂ ಬರೆಯದ ವಿಷಯಗಳಲ್ಲಿ ಇದೂ ಒಂದು.

ನಾವಿಬ್ಬರು ಅಕ್ಕ-ತಮ್ಮ. ಪತ್ರಿಕೋದ್ಯಮ ಓದಿ ಒಬ್ಬರು ಹುಮನಾಬಾದ್‌ನಲ್ಲಿ, ಒಬ್ಬರು ಬಸವಕಲ್ಯಾಣದಲ್ಲಿ ಕೆಲಸ ಮಾಡುತ್ತೇವೆ. ಊರು ಈ ಎರಡರ ನಡುವೆ, ಹೈದರಾಬಾದ್-ಪುಣೆ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಊರಿನ ಹೆಸರು ಹಾಕುವುದಿಲ್ಲ. ಹಾಕಿದರೆ ಓಣಿ ಗುರುತಾಗುತ್ತದೆ, ಓಣಿ ಗುರುತಾದರೆ ಮನೆ ಗುರುತಾಗುತ್ತದೆ, ಮನೆ ಗುರುತಾದರೆ ಯಾರದೋ ಮಗಳ ಹಾಸ್ಟೆಲ್ ಸೀಟಿಗೆ ಕುತ್ತು. ಪ್ರಾಮಾಣಿಕತೆಯ ಬಗ್ಗೆ ಬರೆಯಲು ಕೂತವರು ಊರನ್ನೇ ಮುಚ್ಚಿಟ್ಟರಲ್ಲ ಎಂದು ನೀವು ನಗಬಹುದು. ನಮಗೂ ನಗು ಬಂತು.

ಚರ್ಚಿಗೆ ಹೋಗುವವರ ಬಗ್ಗೆ ಚಿಕ್ಕಂದಿನಿಂದ ನಾವು ಕೇಳಿದ್ದು ಒಂದೇ ಮಾತು: ಹಾಲಿನ ಪುಡಿಗೆ ಹೋದವರು. ಗೋಧಿಗೆ ಹೋದವರು. ಈಗ ಹಾಲಿನ ಪುಡಿಯೂ ಇಲ್ಲ, ಗೋಧಿಯೂ ಇಲ್ಲ, ಮಾತು ಮಾತ್ರ ಉಳಿದಿದೆ. ಒಮ್ಮೆ ಶಾಲೆಯಲ್ಲಿ ಯಾರೋ ಹೀಗೆ ಅಂದರೆಂದು ಅಳುತ್ತಾ ಮನೆಗೆ ಬಂದಾಗ ನಮ್ಮ ಆಯಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ಮರ ಕೆಳಗಿಡದೆಯೇ ಅಂದಳು: "ಹಸದಿದ್ವಿ, ಹೋದ್ವಿ. ಹೊಟ್ಟಿ ತುಂಬದವ್ರು ಗುಡಿಗಿ ಹೋಗಿ ಏನೂ ಬೇಡಂಗಿಲ್ಲೇನು?"

ಆಯಿಯ ಮಾತನ್ನು ನಾವು ಓದು ಮುಗಿದ ಮೇಲೆ ಬೇರೆ ಕಡೆಯಿಂದಲೂ ಕೇಳಿದೆವು. ಮುತ್ತಜ್ಜನ ಕಾಲಕ್ಕೆ ಬೀದರ್ ನಿಜಾಮನ ರಾಜ್ಯದಲ್ಲಿತ್ತು. ನಮ್ಮವರ ಪಾಲಿಗೆ ಸತ್ತ ದನ ಎಳೆಯುವುದು, ಹಲಗೆ ಬಡಿಯುವುದು, ಬಿಟ್ಟಿ ಚಾಕರಿ. ಬಾವಿಯ ಹತ್ತಿರ ಕೊಡ ಇಟ್ಟು ಯಾರಾದರೂ ನೀರು ಹಾಕುತ್ತಾರೇನೋ ಎಂದು ಕಾಯುವುದು. ಆ ಹೊತ್ತಿಗೆ ಮೆಥೊಡಿಸ್ಟ್ ಮಿಷನ್ನಿನವರು ಬಂದು ಮಕ್ಕಳನ್ನು ಕೂಡಿಸಿ ಅಕ್ಷರ ಕಲಿಸಿದರು, ಜಡ್ಡಿಗೆ ಔಷಧ ಕೊಟ್ಟರು, ದೊಡ್ಡವರನ್ನು ಜಮಖಾನೆಯ ಮೇಲೆ ಜೊತೆಗೆ ಕೂಡಿಸಿಕೊಂಡರು. ಮುತ್ತಜ್ಜ ಯೇಸುವಿಗಾಗಿ ಹೋದನೋ, ಅಕ್ಷರಕ್ಕೋ, ಜಮಖಾನೆಗೋ? ಇವನ್ನು ಬೇರೆ ಬೇರೆ ಮಾಡಿ ತೂಗುವ ತಕ್ಕಡಿ ಯಾರ ಹತ್ತಿರವೂ ಇಲ್ಲ.

ಆದರೆ ತೂಗಲು ಒಬ್ಬರು ಹೊರಟಿದ್ದರು. ಜೆ. ವಾಸ್ಕಮ್ ಪಿಕೆಟ್ ಎಂಬ ಅಮೆರಿಕದ ಮೆಥೊಡಿಸ್ಟ್ ಪಾದ್ರಿ, ಮುಂದೆ ಬಿಷಪ್ ಆದವರು. ದಲಿತರು ಊರಿಗೆ ಊರೇ ಕ್ರೈಸ್ತರಾಗುತ್ತಿದ್ದಾಗ 'ಇವರು ನಿಜವಾದ ಭಕ್ತಿಯಿಂದ ಬಂದವರಲ್ಲ' ಎಂಬ ದೂರು ಹೊರಗಿನವರಿಂದಷ್ಟೇ ಅಲ್ಲ, ಚರ್ಚಿನ ಒಳಗಿನ ದೊಡ್ಡವರಿಂದಲೂ ಬರುತ್ತಿತ್ತು. ಪಿಕೆಟ್ ದೇಶದ ಬೇರೆ ಬೇರೆ ಭಾಗಗಳಲ್ಲಿ 3,900ಕ್ಕೂ ಹೆಚ್ಚು ಜನರನ್ನು 'ಯಾಕೆ ಬಂದಿರಿ' ಎಂದು ಕೇಳಿಸಿ 1933ರಲ್ಲಿ ಪುಸ್ತಕ ಮಾಡಿದರು. ದೇವರಿಗಾಗಿ ಬಂದೆವು ಅಂದವರು ಸುಮಾರು ಮೂರರಲ್ಲಿ ಒಂದು ಪಾಲು. ಕ್ರೈಸ್ತ ಮನೆಯಲ್ಲೇ ಹುಟ್ಟಿದೆವು ಅಂದವರು ಹೆಚ್ಚುಕಡಿಮೆ ಅಷ್ಟೇ. ನೆಂಟರು, ಓಣಿಯವರು ಬಂದರು, ನಾವೂ ಬಂದೆವು ಅಂದವರು ಉಳಿದವರಲ್ಲಿ ಹೆಚ್ಚು. ಸಹಾಯ, ರಕ್ಷಣೆ, ಲಾಭ ಎಂದು ಹೇಳಿದವರು ನೂರಕ್ಕೆ ಸುಮಾರು 8. ಅವರಿಗೆ ಸಿಕ್ಕ ಇನ್ನೊಂದು ಸಂಗತಿ ನಮಗೆ ಇದಕ್ಕಿಂತ ದೊಡ್ಡದೆನಿಸಿತು. ಯಾವ ಕಾರಣಕ್ಕೆ ಬಂದರು ಎನ್ನುವುದಕ್ಕಿಂತ, ಬಂದ ಮೇಲೆ ಅವರಿಗೆ ಕಲಿಸಿದವರು ಯಾರು, ಹೇಗೆ ಕಲಿಸಿದರು ಎನ್ನುವುದೇ ಮುಂದಿನ ಬದುಕನ್ನು ಹೆಚ್ಚು ಬದಲಿಸಿತ್ತು. ಲಾಭಕ್ಕೆ ಬಂದವನೂ ಒಳ್ಳೆಯ ಗುರು ಸಿಕ್ಕರೆ ಗಟ್ಟಿಯಾಗಿದ್ದ. ಭಕ್ತಿಯಿಂದ ಬಂದವನೂ ಕೇಳುವವರಿಲ್ಲದೆ ಸೊರಗಿದ್ದ.

ಇದನ್ನು ತಿಳಿಯಲು ಅಮೆರಿಕದ ಪಾದ್ರಿಯೇ ಬೇಕಿರಲಿಲ್ಲ ಅನ್ನಿ. ಬಸವಕಲ್ಯಾಣದಲ್ಲಿ ಹರಳಯ್ಯನ ಗವಿ ಇದೆ. ಚಪ್ಪಲಿ ಹೊಲಿಯುತ್ತಿದ್ದ ಹರಳಯ್ಯ ಶರಣನಾದ, ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಎಂಬ ಕತೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ್ದ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಕಲ್ಯಾಣದಲ್ಲಿ ಏನೇನಾಯಿತು ಎನ್ನುವುದೂ ಗೊತ್ತು. ಆ ಗವಿಗೆ ಹೋಗಿ ಕೈ ಮುಗಿಯುವ ಯಾರೂ 'ಹರಳಯ್ಯ ಲಿಂಗಕ್ಕಾಗಿ ಬಂದನೋ, ಮರ್ಯಾದೆಗಾಗಿ ಬಂದನೋ' ಎಂದು ಕೇಳುವುದಿಲ್ಲ. ಎಂಟುನೂರು ವರ್ಷ ದಾಟಿದರೆ ಪ್ರಶ್ನೆ ಬಿದ್ದುಹೋಗುತ್ತದೆ ಅಂತ ಕಾಣುತ್ತದೆ. ನಮ್ಮದು ಇನ್ನೂ ನೂರು ಚಿಲ್ಲರೆ ವರ್ಷ.

ಹೀಗೆ ಬರೆದದ್ದನ್ನು ಓದಿ ನಮ್ಮ ಸಭೆಗಳಲ್ಲಿ ಎಲ್ಲವೂ ನೆಟ್ಟಗಿದೆ ಎಂದುಕೊಳ್ಳಬೇಡಿ. ಸುಗ್ಗಿ ಹಬ್ಬದ ಹರಾಜನ್ನೇ ತೆಗೆದುಕೊಳ್ಳಿ. ಮೊದಲ ಬೆಳೆ ಎಂದು ತೊಗರಿ, ಜೋಳದ ತೆನೆ, ಕುಂಬಳಕಾಯಿ, ಕೋಳಿ ತಂದು ಮುಂದಿಡುತ್ತಾರೆ, ಆರಾಧನೆ ಮುಗಿದ ಮೇಲೆ ಹರಾಜು. ನಲವತ್ತು ರೂಪಾಯಿಯ ಕುಂಬಳಕಾಯಿ ಎರಡು ಸಾವಿರಕ್ಕೆ ಹೋಗುತ್ತದೆ, ಚಪ್ಪಾಳೆ ಬೀಳುತ್ತದೆ, ಹೆಸರು ಮೈಕಿನಲ್ಲಿ ಕೂಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನೋಡಲು ಮಜಾ. ಆದರೆ ನಮಗೆ ಗೊತ್ತಿರುವ ಒಂದು ಸಭೆಯಲ್ಲಿ ಹಾಗೆ ಕೂಗಿದ ದೊಡ್ಡ ದೊಡ್ಡ ಮೊತ್ತಗಳು ಮುಂದಿನ ಸುಗ್ಗಿ ಬಂದರೂ ಜಮಾ ಆಗಿರಲಿಲ್ಲ. ಅರ್ಧ ಸೇರು ಹೆಸರುಕಾಳು ಇಟ್ಟು ಹೋದ ಮುದುಕಿಯ ಹೆಸರು ಮೈಕಿಗೆ ಬರಲೇ ಇಲ್ಲ. ವರ್ಷದ ಲೆಕ್ಕವನ್ನು ಗೋಡೆಗೆ ಅಂಟಿಸಿ ಎಂದು ಕೇಳಿದ ಹುಡುಗನಿಗೆ "ನಿನಗ ನಂಬಿಕಿ ಇಲ್ಲೇನು?" ಎಂದು ಕೇಳಿದರು. ಲೆಕ್ಕ ಕೇಳಿದ್ದಕ್ಕೆ ನಂಬಿಕೆಯ ಮಾತು ಯಾಕೆ ಬಂತು ಎಂದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಇಂಥ ಕಡೆಗಳಲ್ಲಿ ಅನನೀಯ ಮತ್ತು ಸಫೈರಳ ಕತೆಯ ಮೇಲೆ ಪ್ರಸಂಗ ಆಗಾಗ ಇರುತ್ತದೆ. ಬೈಬಲ್‌ನಲ್ಲಿ ಬರುವ ಗಂಡ-ಹೆಂಡತಿ. ಹೊಲ ಮಾರಿ, ಹಣದಲ್ಲಿ ಒಂದಿಷ್ಟು ಹಿಂದಿಟ್ಟುಕೊಂಡು, ಎಲ್ಲವನ್ನೂ ಕೊಟ್ಟೆವೆಂದು ಅಪೊಸ್ತಲರ ಮುಂದೆ ತೋರಿಸಿಕೊಂಡು ಸತ್ತುಬಿದ್ದವರು. ಪ್ರಸಂಗ ಮಾಡುವವರು ಇದನ್ನು ದಶಮಾಂಶ ಕಡಿಮೆ ಕೊಟ್ಟವರ ಮೇಲೆ ತಿರುಗಿಸುತ್ತಾರೆ. ಕತೆಯನ್ನು ನಿಧಾನವಾಗಿ ಓದಿದರೆ ಬೇರೆ ಕಾಣುತ್ತದೆ. ಹೊಲ ನಿನ್ನದೇ ಇತ್ತು, ಮಾರಿದ ಮೇಲೆ ಹಣವೂ ನಿನ್ನದೇ ಇತ್ತು ಎಂಬರ್ಥದಲ್ಲಿ ಪೇತ್ರನೇ ಹೇಳುತ್ತಾನೆ. ಇಟ್ಟುಕೊಂಡದ್ದು ತಪ್ಪಲ್ಲ, ಕೊಟ್ಟೆನೆಂದು ಮೆರೆದದ್ದು ತಪ್ಪು. ಮೈಕಿನಲ್ಲಿ ಎರಡು ಸಾವಿರ ಕೂಗಿ ಕಟ್ಟದೆ ಹೋದವರಿಗೆ ಈ ಕತೆ ಸರಿಯಾಗಿ ಹೊಂದುತ್ತದೆ. ಆದರೆ ಪ್ರಸಂಗ ಆ ಕಡೆ ತಿರುಗಿದ್ದನ್ನು ನಾವು ಕೇಳಿಲ್ಲ.

ಈಗ ಎರಡು ಹೆಸರಿನ ವಿಷಯಕ್ಕೆ ಬರೋಣ, ಯಾಕೆಂದರೆ ನಮ್ಮ ಓಣಿಯವರನ್ನು ಸುಳ್ಳುಗಾರರು ಎಂದು ಕರೆಯುವುದು ಅದಕ್ಕೇ. ಕಾನೂನು ಹೀಗಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿ ಬರುತ್ತಾರೆ. ಪರಿಶಿಷ್ಟ ಜಾತಿಗೆ 2022ರಲ್ಲಿ ನಿಗದಿಯಾದದ್ದು 17 ಶೇಕಡಾ ಮೀಸಲಾತಿ, ಪ್ರವರ್ಗ 1ಕ್ಕೆ 4, ಅದನ್ನೂ ಇನ್ನೂ ಹತ್ತಾರು ಸಮುದಾಯಗಳ ಜೊತೆ ಹಂಚಿಕೊಳ್ಳಬೇಕು. ಪರಿಶಿಷ್ಟರಿಗೆ ಮೀಸಲಾದ ಪಂಚಾಯ್ತಿ ಸೀಟಿಗೆ ನಿಲ್ಲುವಂತಿಲ್ಲ. ಊರಲ್ಲಿ ಯಾರಾದರೂ ಜಾತಿ ಹಿಡಿದು ಬೈದು ಹೊಡೆದರೆ ದೌರ್ಜನ್ಯ ತಡೆ ಕಾಯ್ದೆಯ ಕೇಸು ನಿಲ್ಲುವುದಿಲ್ಲ. ಹೊಡೆಯುವವನು ಮಾತ್ರ ಯಾವ ಚರ್ಚಿಗೆ ಹೋಗುತ್ತೀ ಎಂದು ಕೇಳಿ ಹೊಡೆಯುವುದಿಲ್ಲ.

ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರ ಕೇಸು ಈ ವಿಷಯದಲ್ಲಿ ಹೆಸರಾದದ್ದು. ಸರ್ಕಾರ ಚಮ್ಮಾರರಿಗೆ ಪುಕ್ಕಟೆ ಗೂಡಂಗಡಿ ಕೊಟ್ಟಾಗ ಇವರು ಕ್ರೈಸ್ತರೆಂದು ಇವರಿಗೆ ಕೊಡಲಿಲ್ಲ. ಮೊದಲೂ ಅದೇ ಚಪ್ಪಲಿ, ಆಮೇಲೂ ಅದೇ ಚಪ್ಪಲಿ. 1985ರಲ್ಲಿ ಸುಪ್ರೀಂ ಕೋರ್ಟು, ಮತ ಬದಲಾದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆ ಎಂದು ತೋರಿಸುವ ಆಧಾರ ಸಾಲದು ಎಂದು ಅರ್ಜಿ ತಳ್ಳಿಹಾಕಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಮೂರನೆಯ ಪ್ಯಾರಾವನ್ನೇ ತೆಗೆಯಿರಿ ಎಂದಿತು, ತೆಗೆಯಲಿಲ್ಲ. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಇನ್ನೊಂದು ಆಯೋಗ ನೇಮಕವಾಯಿತು, ಅದರ ಅವಧಿ ವಿಸ್ತರಣೆಯಾಗುತ್ತಾ ಬಂತು. 2024ರ ನವೆಂಬರ್ 26ರಂದು ಪುದುಚೇರಿಯ ಸೆಲ್ವರಾಣಿ ಎಂಬವರ ಕೇಸಿನಲ್ಲಿ, ಚರ್ಚಿಗೆ ತಪ್ಪದೆ ಹೋಗುತ್ತಾ ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡಿದ ಮೋಸ ಎಂದು ಸುಪ್ರೀಂ ಕೋರ್ಟು ಹೇಳಿತು. ಆ ತೀರ್ಪಿನ ಸುದ್ದಿ ವಾಟ್ಸ್ಯಾಪಿನಲ್ಲಿ ಬಂದ ದಿನ ನಮ್ಮ ಓಣಿಯಲ್ಲಿ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಎಲ್ಲರೂ ಓದಿದ್ದರು.

ಕೋರ್ಟಿನ ಮಾತಿನಲ್ಲಿ ಹುರುಳಿಲ್ಲ ಎಂದು ನಾವು ಹೇಳುವುದಿಲ್ಲ. ನಮ್ಮ ಜೊತೆಗೇ ಓದಿದ, ಮರಗಮ್ಮನ ಗುಡಿಗೆ ಹೋಗುವ ಮಾದಿಗರ ಗೆಳೆಯನೊಬ್ಬ ಹುಮನಾಬಾದ್ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಮುಖಕ್ಕೇ ಕೇಳಿದ: "ನಿಮಗ ಮಿಷನ್ ಸಾಲಿ ಸಿಕ್ತು, ಹಾಸ್ಟೆಲ್ ಸಿಕ್ತು, ನಮಗಿಂತ ಒಂದು ತಲೆಮಾರು ಮೊದಲ ಓದಿದ್ರಿ. ಈಗ ನಮ್ಮ ಪಾಲಿನ್ಯಾಗೂ ಕೈ ಹಾಕ್ತೀರಿ. ಇದು ಹ್ಯಾಂಗ ನ್ಯಾಯ ಆಗ್ತದ ಹೇಳ್ರಿ?" ಅವನ ಪ್ರಶ್ನೆಗೆ ಅರ್ಧ ಉತ್ತರ ನಮ್ಮಲ್ಲಿದೆ: ಓದಿ ಮುಂದೆ ಬಂದ ಮನೆಗಳು ಬೀದರ್, ಹೈದರಾಬಾದ್ ಸೇರಿದವು, ಓಣಿಯಲ್ಲಿ ಉಳಿದವರು ಅವನ ಹಾಗೆಯೇ ಕಬ್ಬು ಕಡಿಯಲು ಹೋಗುವವರು. ಇನ್ನರ್ಧಕ್ಕೆ ಉತ್ತರವಿಲ್ಲ. ಪಾಲು ದೊಡ್ಡದು ಮಾಡದೆ ಉಣ್ಣುವವರನ್ನು ಹೆಚ್ಚು ಮಾಡಿದರೆ ಅವನ ತಟ್ಟೆಯೇ ಬರಿದಾಗುತ್ತದೆ.

ಆದರೂ ಎರಡು ಬಗೆಯ ಸುಳ್ಳನ್ನು ಒಂದೇ ತಕ್ಕಡಿಗೆ ಹಾಕಲು ನಮಗೆ ಮನಸ್ಸು ಬರುವುದಿಲ್ಲ. ನಿಜ ಹೇಳಿದರೆ ಮಗಳ ಓದು ನಿಲ್ಲುವ ಕಡೆ ಬಾಯಿ ಮುಚ್ಚುವುದು ಒಂದು. ನಿಜ ಹೇಳಿದರೆ ಏನೂ ಕಳೆದುಕೊಳ್ಳದ ಕಡೆ, ಸುಗ್ಗಿ ಹಬ್ಬದ ಮೈಕಿನ ಮುಂದೆ, ಕಮಿಟಿಯ ಲೆಕ್ಕದ ಪುಸ್ತಕದಲ್ಲಿ ಸುಳ್ಳಾಗುವುದು ಇನ್ನೊಂದು. ಓಣಿಯ ಹಿರಿಯ ಹೆಣ್ಣುಮಗಳೊಬ್ಬಳ ಹತ್ತಿರ ಇದನ್ನು ಮಾತಾಡಿದಾಗ ಅವಳು ಐಗುಪ್ತದ ಸೂಲಗಿತ್ತಿಯರನ್ನು ನೆನಪಿಸಿದಳು. ಇಬ್ರಿಯರ ಗಂಡುಕೂಸುಗಳನ್ನು ಕೊಲ್ಲಿರಿ ಎಂದ ಫರೋಹನಿಗೆ, ನಾವು ಮುಟ್ಟುವ ಮೊದಲೇ ಹೆರಿಗೆ ಆಗಿಬಿಡುತ್ತದೆ ಎಂದು ಹೇಳಿ ಕೂಸುಗಳನ್ನು ಉಳಿಸಿದವರು. "ಅವ್ರ ಮ್ಯಾಲ ದೇವ್ರು ಸಿಟ್ಟಿಗೇಳಲಿಲ್ಲವ್ವ, ಮನಿ ಕಟ್ಟಿಕೊಟ್ಟ" ಅಂದಳು. ಅವಳಿಗೆ ಓದಲು ಬರುವುದಿಲ್ಲ. ಕತೆಯನ್ನೆಲ್ಲ ಕೇಳಿಯೇ ಕಲಿತವಳು.

2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತಲ್ಲ, ಅದಕ್ಕೂ ಮೊದಲೇ ಮೀಟರ್ ರೀಡರ್‌ಗಳು ಬಂದು ಮನೆಮನೆಗೆ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು. ಪಟ್ಟಿಯಲ್ಲಿ ಜಾತಿಯ ಜೊತೆ 'ಕ್ರಿಶ್ಚಿಯನ್' ಎಂದು ಸೇರಿಸಿದ ಹೆಸರುಗಳಿದ್ದದ್ದಕ್ಕೆ ಬೆಂಗಳೂರಿನಲ್ಲಿ ಗದ್ದಲವಾಗಿ ಅಂಥ 33 ಹೆಸರುಗಳನ್ನು ಆ್ಯಪಿನಿಂದ ಮರೆಮಾಡಿದರು. ಬೇಕಾದವರು 'ಇತರೆ' ಎಂಬಲ್ಲಿ ಹೇಳಿ ಬರೆಸಬಹುದು ಎಂದರು. ಮಾಹಿತಿ ಕೊಡುವುದು ಕಡ್ಡಾಯವಲ್ಲ, ಕೊಟ್ಟದ್ದು ಗುಟ್ಟಾಗಿ ಇರಬೇಕು ಎಂದು ಹೈಕೋರ್ಟು ಹೇಳಿತು.

ನಮ್ಮ ಓಣಿಗೆ ಬಂದದ್ದು ನಮಗೇ ಪಾಠ ಹೇಳಿದ್ದ ಮಾಸ್ತರು. ಕಟ್ಟೆಯ ಮೇಲೆ ಕೂತು, ನೆಟ್‌ವರ್ಕ್ ಸಿಗದೆ ಮೊಬೈಲ್ ಮೇಲೆತ್ತಿ ಹಿಡಿದು, ಧರ್ಮದ ಪ್ರಶ್ನೆ ಬಂದಾಗ ತಲೆ ಎತ್ತದೆ ಕೇಳಿದರು. ಕಾಕಾ ಒಳಗೆ ನೋಡಿದ. ಒಳಗಿನಿಂದ ಆಯಿಯೇ ಕೂಗಿ ಹೇಳಿದಳು: "ಕ್ರಿಸ್ತರು ಅಂತ ಬರಕೋರಿ ಮಾಸ್ತರ. ಜಾತಿ ಮಾದಿಗರು. ಎರಡೂ ಖರೇನೇ ಅವ." ಮಾಸ್ತರು 'ಇತರೆ' ಒತ್ತಿ ಬರೆದುಕೊಂಡರು. ಕಾಕಾ ಮೆಲ್ಲಗೆ ಕೇಳಿದ, "ಇದು ತಹಶೀಲಿಗೆ ಹೋಗ್ತದೇನ್ರಿ ಸರ?" "ಹೋಗಂಗಿಲ್ಲ ಅಂತ ಹೇಳ್ಯಾರಪ್ಪ" ಅಂದರು ಮಾಸ್ತರು.

ಎದುರು ಮನೆಯವರು ಹಿಂದೂ ಎಂದು ಬರೆಸಿದರು. ಅವರ ಮಗಳು ಬಸವಕಲ್ಯಾಣದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಎರಡನೆಯವಳು ಮುಂದಿನ ಜೂನ್‌ಗೆ ಅರ್ಜಿ ಹಾಕುವವಳು. ಅವರ ಮನೆಯಿಂದ ಎದ್ದು ಬರುವಾಗ ಮಾಸ್ತರು ನಮ್ಮ ಕಡೆ ನೋಡಲಿಲ್ಲ, ನಾವೂ ಅವರ ಕಡೆ ನೋಡಲಿಲ್ಲ. ಆ ಭಾನುವಾರ ಆಯಿಯೂ ಎದುರು ಮನೆಯ ಕಾಕಿಯೂ ಎಂದಿನಂತೆ ಒಂದೇ ಜಮಖಾನೆಯ ಮೇಲೆ ಕೂತು, ಒಂದೇ ಪುಸ್ತಕ ಹಿಡಿದು ಹಾಡಿದರು. ಪುಟ ತಿರುಗಿಸಿದ್ದು ಕಾಕಿ, ಆಯಿಗೆ ಈಗ ಕಣ್ಣು ಕಾಣುವುದಿಲ್ಲ.